ಸಿನಿಮಾದ ಮೇಷ್ಟ್ರು

ಜೂನ್ ೧೭, ಮಂಗಳವಾರ

ನಿದ್ದೆ ಬರುತ್ತಿಲ್ಲ, ಮೈಯೆಲ್ಲ ಉರಿಯುತ್ತಿದೆ. ಈಜು ಕಲಿಸುವ ಕೋಚ್ ಇವತ್ತು ನನ್ನ ಐದು ವರ್ಷದ ಮಗಳನ್ನು ಹಿಂದಿನಿಂದ ಕೊಳಕ್ಕೆ ತಳ್ಳಿದ. ಕೇಳಿದರೆ ಹಲ್ಲು ಕಿರಿಯುತ್ತಾನೆ. "ಆ ಸಿನಿಮಾ ನೋಡಿಲ್ವಾ ಮೇಡಂ? ಮೇಷ್ಟ್ರು ಹೊಳೆಗೆ ತಳ್ಳಿದ್ಮೇಲೇ ಹುಡುಗ ಚಾಂಪಿಯನ್ ಆಗೋದು!"

ಮನೆಗೆ ಬಂದರೆ ಇವರದೂ ಅದೇ ರಾಗ. "ಗುರು ಅಂದ್ರೆ ಹಾಗಿರ್ಬೇಕು ಕಣೇ." ಆ ಸಿನಿಮಾ ನೋಡಿದಾಗಲೆಲ್ಲ ಕಣ್ಣೊರೆಸಿಕೊಳ್ಳುವ ಮನುಷ್ಯ!

ಆ ಹುಡುಗ ಮುಳುಗುವುದಿಲ್ಲವೆಂದು ಕಥೆ ಬರೆದವನಿಗೆ ಮೊದಲೇ ಗೊತ್ತಿತ್ತು. ನನ್ನ ಮಗಳಿಗೆ ಹಾಗೆ ಯಾರು ಬರೆದಿಟ್ಟಿದ್ದಾರೆ?

ಸಂಜೆ ಸ್ನಾನಕ್ಕೆ ಕೂರಿಸಿ ಚೊಂಬು ಎತ್ತಿದೆ. ಮಗು ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಿತು. "ಅಮ್ಮಾ, ನೀನೂ ಹೇಳ್ದೇನೇ ಸುರೀತೀಯಾ?"

ನನ್ನನ್ನು ಕೇಳಿತು, ನನ್ನನ್ನು! ನಾಳೆ ಆ ಕೋಚ್ ಕೊಳದ ಅಂಚಿನಲ್ಲಿ ಬೆನ್ನು ತಿರುಗಿಸಿ ನಿಂತಿರಲಿ, ನಾನು...