ಕರಿಮಟ್ಟಿ ಕ್ಷೇತ್ರದ ಒಂಬತ್ತು ಮತಗಳು

ಕರಿಮಟ್ಟಿ,
ಎರಡನೆಯ ಚೈತ್ರದ ಮೂವತ್ತನಾಲ್ಕನೆಯ ದಿನ, ೨೨೧೧

ಕರಿಮಟ್ಟಿ ಲೋಕಸಭಾ ಕ್ಷೇತ್ರದ ಹಿಂದಿನ ಮತದಾರರಿಗೆ,

ಈ ತಾರೀಖನ್ನು ಕಂಡು ಕಾಗದವನ್ನು ಬದಿಗಿಡಬೇಡಿ. ಬೇಸಿಗೆ ಉದ್ದವಾಗುತ್ತ ಹೋದಂತೆ ನಮ್ಮವರು ಚೈತ್ರವನ್ನು ಎರಡು ಮಾಡಿದರು. ಹೊಂದದೆ ಉಳಿದ ದಿನಗಳನ್ನು ಅದರ ಬಾಲಕ್ಕೆ ಕಟ್ಟಿದರು. ನನ್ನ ಬರಹದಲ್ಲಿ ನೀವು ಕೇಳಿರದ ಒಂದೆರಡು ಪದಗಳು ಬರುತ್ತವೆ. ಅವುಗಳ ಅರ್ಥವನ್ನು ಅಲ್ಲಲ್ಲಿಯೇ ಹೇಳುತ್ತೇನೆ. ಅರ್ಥ ತಿಳಿಸದೆ ಪದವನ್ನು ಬಳಸುವ ಅಭ್ಯಾಸ ನನಗಿಲ್ಲ.

ನಿವೃತ್ತಿಯ ನಂತರ ನನಗೆ ಒಪ್ಪಿಸಿದ ಕೆಲಸ ಈ ಕ್ಷೇತ್ರದ ಚುನಾವಣೆಗಳ ಚರಿತ್ರೆಯನ್ನು ಬರೆಯುವುದು. ನಿಮ್ಮ ಕಾಲದ ಕಡತಗಳಲ್ಲಿ ಮೊತ್ತಗಳು ಮಾತ್ರ ಇವೆ: ಇಂಥ ಮತಗಟ್ಟೆ, ಇಂಥ ಅಭ್ಯರ್ಥಿ, ಇಷ್ಟು ಮತ. ಮೊದಲು ಅಭ್ಯರ್ಥಿಗೊಂದು ಪೆಟ್ಟಿಗೆ ಇತ್ತು, ಆಮೇಲೆ ಮುದ್ರೆಯೊತ್ತುವ ಚೀಟಿ ಬಂತು, ಅನಂತರ ಗುಂಡಿಯೊತ್ತುವ ಯಂತ್ರ. ಸಾಧನ ಬದಲಾದರೂ ಮತದಾರನ ಮುಂದೆ ಒಂದು ಮರೆ ಇದ್ದೇ ಇತ್ತು. ಕರಿಮಟ್ಟಿಯು ಒಂದೇ ಮನೆತನದವರನ್ನು ನಾಲ್ಕು ಬಾರಿ ದೆಹಲಿಗೆ ಕಳಿಸಿ, ಐದನೆಯ ಬಾರಿ ಇನ್ನೂರ ಹನ್ನೆರಡು ಮತಗಳಿಂದ ಮನೆಗೆ ಕಳಿಸಿತು. ಮನಸ್ಸು ಬದಲಿಸಿದವರು ಯಾರೆಂಬುದು ಇಂದಿಗೂ ಯಾರಿಗೂ ತಿಳಿಯದು. ಆ ಪುಟವನ್ನು ತೆರೆದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ.

ಆ ಸೋಲಿನ ಮರುದಿನದ ಪ್ರಸಂಗವೊಂದು ಹಳೆಯ ಪತ್ರಿಕೆಯಲ್ಲಿ ಸಿಕ್ಕಿತು. ಹೊಸಕೇರಿಯ ನೂರ ಹದಿನಾಲ್ಕನೆಯ ಮತಗಟ್ಟೆಯಲ್ಲಿ ಸೋತ ಸಂಸದರಿಗೆ ಬಿದ್ದದ್ದು ಒಂಬತ್ತು ಮತ. ಅವರು ನೇರವಾಗಿ ಆ ಊರಿಗೇ ಹೋದರು. ಮೊದಲನೆಯ ಮನೆಯ ಅಜ್ಜಿ ಎದೆ ಮುಟ್ಟಿಕೊಂಡು, "ಆ ಒಂಬತ್ತರಾಗ ನಾಕು ನಮ್ಮನಿವು ಸಾಹೇಬ್ರ, ಬಸವಣ್ಣನ ಆಣಿ!" ಎಂದಳು. ಎರಡನೆಯ ಮನೆಯವರು ಐದು ನಮ್ಮವೆಂದರು. ಮೂರನೆಯ ಮನೆಯವರು ಏಳು ಎಂದರು. ನಲವತ್ತನೆಯ ಮನೆಯಲ್ಲಿ ಚಹಾ ಕುಡಿಯುವ ಹೊತ್ತಿಗೆ ಸಂಸದರಿಗೆ ನಗು ತಡೆಯಲಾಗದೆ, "ಹಂಗಾರ ನಾನ ಗೆದ್ದೇನಲ್ರೋ!" ಎಂದರಂತೆ. ಊರಿಗೆ ಊರೇ ಒಂಬತ್ತು ಮತಗಳ ನೆರಳಿನಲ್ಲಿ ನಿಂತಿತ್ತು. ಯಾರಿಗೂ ಬಿಸಿಲು ತಾಗಲಿಲ್ಲ.

ನಮಗೆ ಆ ನೆರಳಿಲ್ಲ. ಕಳ್ಳಮತದ ಕಾಟ ಮಿತಿಮೀರಿದಾಗ ಒಳ್ಳೆಯ ಉದ್ದೇಶದ ಜನರೇ ಮರೆಯನ್ನು ಕಿತ್ತು ಮತದರ್ಶಿಕೆಯನ್ನು ತಂದರು. ಅದು ಪಂಚಾಯಿತಿಯ ಗೋಡೆಯ ಮೇಲೆ ಬೆಳಗುವ ಪಟ್ಟಿ. ಯಾರು ಯಾರಿಗೆ ಮತ ಕೊಟ್ಟರೆಂಬುದು ಸಂಜೆ ಐದಕ್ಕೆ ಅದರಲ್ಲಿ ಮೂಡುತ್ತದೆ, ಮತ್ತೆಂದೂ ಅಳಿಯುವುದಿಲ್ಲ. ಅಂದಿನಿಂದ ಒಂದೇ ಒಂದು ಕಳ್ಳಮತ ಬಿದ್ದಿಲ್ಲವೆಂಬುದನ್ನೂ ನಾನು ಬರೆಯಲೇಬೇಕು. ಆದರೆ ಹೆಣ್ಣು ನೋಡಲು ಬಂದವರು ಮೊದಲು ಅವಳ ಅಜ್ಜನ ಮತಸಾಲನ್ನು, ಎಂದರೆ ಅವನು ಬದುಕಿನುದ್ದಕ್ಕೂ ಹಾಕಿದ ಮತಗಳನ್ನು, ಓದಿಕೊಂಡು ಆಮೇಲೆ ಅವಲಕ್ಕಿಯ ತಟ್ಟೆಯನ್ನು ಮುಟ್ಟುತ್ತಾರೆ. ಸೋತವನಿಗೆ ಮತ ಕೊಟ್ಟವರು ಗೆದ್ದವನ ಗಿರಣಿಯಲ್ಲಿ ಜೋಳ ಬೀಸಿಸುವುದಿಲ್ಲ. ಚೀಲ ಹೊತ್ತು ಪಕ್ಕದ ಊರಿಗೆ ನಡೆಯುತ್ತಾರೆ.

ಐದು ವರ್ಷಗಳ ಹಿಂದೆ ನನ್ನ ತಮ್ಮ ಅಡಿವೆಪ್ಪ ಈ ಕ್ಷೇತ್ರದಿಂದ ನಿಂತ. ಅವನಿಗೆ ಅಕ್ಷರ ಕಲಿಸಿದವನು ನಾನು; ಅವನ ಭಾಷಣಗಳನ್ನು ಬರೆದುಕೊಟ್ಟವನೂ ನಾನೇ. ನನ್ನ ವಾಕ್ಯಗಳಿಗೆ ಜನ ಅವನ ಮುಖ ನೋಡಿ ಚಪ್ಪಾಳೆ ತಟ್ಟಿದರು. ಮತದಾನದ ದಿನ ನಾನು ಅವನ ಎದುರಾಳಿಯ ಹೆಸರನ್ನು ಮುಟ್ಟಿದೆ. ಅದು ಮತ್ಸರ, ಅದಕ್ಕೆ ಬೇರೆ ಪದವಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ನಾಚಿಕೆಯಾಯಿತು. ನಿಮ್ಮ ಕಾಲದಲ್ಲಾಗಿದ್ದರೆ ಆ ನಾಚಿಕೆ ನನ್ನೊಳಗೇ ಮುಗಿಯುತ್ತಿತ್ತು. ಇಲ್ಲಿ ಸಂಜೆ ಐದಾಯಿತು.

ಅಡಿವೆಪ್ಪ ಗೆದ್ದಿದ್ದ. ಕೊರಳಲ್ಲಿ ಹಾರವಿದ್ದಂತೆಯೇ ಬಂದು ನಮ್ಮ ಹೊಸ್ತಿಲಾಚೆ ನಿಂತ. "ಅಣ್ಣಾ, ನೀ ನನಗ ಹಾಕಲಿಲ್ಲಂತ ನನಗ ಸಿಟ್ಟಿಲ್ಲ. ಹೊಟ್ಟಿಕಿಚ್ಚು ಯಾರಿಗಿಲ್ಲ? ಆದ್ರ ಊರೆಲ್ಲ ಓದೇತಿ. ಈಗ ನಾ ಸಿಟ್ಟಾಗದ ಹ್ಯಾಂಗ ಇರ್ಲಿ, ನೀನ ಹೇಳು." ಅವನು ಹೊಸ್ತಿಲು ದಾಟಲಿಲ್ಲ, ಇಂದಿಗೂ ದಾಟಿಲ್ಲ.

ನಾಳೆ ಮತ್ತೆ ಚುನಾವಣೆ. ಮತ್ತೆ ಅವನೇ ನಿಂತಿದ್ದಾನೆ. ಈ ಐದು ವರ್ಷ ಅವನು ಕೆಲಸವನ್ನು ಚೆನ್ನಾಗಿ ಮಾಡಿದ್ದಾನೆ. ಅವನಿಗಿಂತ ಯೋಗ್ಯರು ಈ ಸಲ ಕಣದಲ್ಲಿಲ್ಲವೆಂಬುದು, ಅಸೂಯೆಯನ್ನೆಲ್ಲ ಕಳೆದು ನೋಡಿದರೂ, ನನ್ನ ಅಭಿಪ್ರಾಯ. ಆದರೆ ನಿನ್ನೆ ಕ್ಷೌರದ ಅಂಗಡಿಯ ಮಾನಪ್ಪ ಕತ್ತರಿ ಆಡಿಸುತ್ತ ಕೇಳಿಯೇಬಿಟ್ಟ: "ಏನ್ರಿ ಮಾಸ್ತರ, ಈ ಸಲ ತಮ್ಮನ ಕಾಲಿಗೆ ಬೀಳಾವ್ರೋ, ಮತ್ತ ಕಾಲು ಎಳಿಯಾವ್ರೋ?" ಕೊಟ್ಟರೆ ಕ್ಷಮಾಪಣೆ, ಕೊಡದಿದ್ದರೆ ಮತ್ಸರ, ಬರಿಯ ಮತವೊಂದನ್ನು ಹಾಕುವ ದಾರಿ ನನಗಿಲ್ಲ. ಆದರೂ ನಾಳೆ ಅವನಿಗೇ ಕೊಡುತ್ತೇನೆ. ಊರು ಹೇಗೆ ಬೇಕಾದರೂ ಓದಿಕೊಳ್ಳಲಿ. ತಮ್ಮನೂ ಅದನ್ನು ಊರಿನಂತೆಯೇ ಓದುತ್ತಾನೆಂಬುದು ನನ್ನ ಸಂಕಟ.

ನಿಮ್ಮಲ್ಲಿಯೂ ಒಳ್ಳೆಯವರು ಬಂದು, ಒಳ್ಳೆಯ ಕಾರಣ ಹೇಳಿ, ಆ ಮರೆಯನ್ನು ತೆಗೆಯೋಣವೆನ್ನುವ ದಿನ ಬರುತ್ತದೆ. ದಯವಿಟ್ಟು ಒಪ್ಪಬೇಡಿ. ಅದು ಇರುವವರೆಗೆ, ನಿಮ್ಮಲ್ಲಿ ನನ್ನಂಥ ಅಣ್ಣನೊಬ್ಬನಿದ್ದರೆ, ಒಳಗೆ ಹೋಗಿ ಮನಸ್ಸಿಗೆ ಬಂದ ಗುಂಡಿಯನ್ನು ಒತ್ತಲಿ. ಹೊರಗೆ ಬಂದು ತಮ್ಮನ ಹೆಗಲ ಮೇಲೆ ಕೈಯಿಟ್ಟು, ನಿನಗೇ ಹಾಕಿದೆ ಎನ್ನಲಿ. ತಮ್ಮ ನಂಬಬಹುದು, ಇಲ್ಲವೇ ನಂಬಿದಂತೆ ನಟಿಸಬಹುದು. ಎರಡರಲ್ಲಿ ಯಾವುದಾದರೂ ನನಗೆ ಸಾಕಾಗುತ್ತಿತ್ತು.

ಇತಿ,
ರುದ್ರಮುನಿ ಹಂಚಿನಮನಿ
ನಿವೃತ್ತ ಮುಖ್ಯೋಪಾಧ್ಯಾಯ, ಕರಿಮಟ್ಟಿ