ಅಪ್ಪ ಕೇಳಿ ತರಿಸಿಕೊಂಡ ಮಾತ್ರೆಗಳು

ಗುಮ್‌ಸಾನ್, ನವೆಂಬರ್ ೧೨

ಸಿಟ್ಟು ಮಾಡಿಕೊಂಡು ಫೋನ್ ಇಟ್ಟ ಮಗಳು ಮಿರಾನ್‌ಗೆ, ಅಮ್ಮನ ಅಕ್ಕರೆ.

ನಿನ್ನೆ ನೀನು ಕೇಳಿದ್ದಕ್ಕೆ ನಾನು ಬಾಯಿ ಬಿಡಲಿಲ್ಲ. ಇಲ್ಲಿ ನನ್ನ ಪಕ್ಕದಲ್ಲೇ ಅಪ್ಪ ಕಿಮ್ಚಿ ಉಪ್ಪಿನಕಾಯಿಗೆ ಮೂಲಂಗಿ ಹೆಚ್ಚುತ್ತಿದ್ದರು, ಅಲ್ಲಿ ನಿನ್ನ ಗಂಡ ಕಿಥೇ ಕೂತಿದ್ದರು. "ಅಪ್ಪನಿಗೆ ನಾಚಿಕೆ ಬೇಡ್ವಾ? ಅಳಿಯನ ಹತ್ರ ಗಂಡಸರ ಶಕ್ತಿ ಮಾತ್ರೆ ಕೇಳಿ ಕೇಳಿ ತರಿಸ್ಕೋತಾರಲ್ಲ! ಇವರು ತಮಗೆ ಅಂತ ಇಟ್ಕೊಂಡಿದ್ದನ್ನೂ ಬಿಡಲಿಲ್ಲ" ಅಂದೆಯಲ್ಲ, ಅದಕ್ಕೆ ಉತ್ತರ ಇದು. ಓದಿ ಹರಿದು ಹಾಕು. ಕಿಥೇ ಕಣ್ಣಿಗೆ ಬೀಳಬಾರದು.

ಸುಗ್ಗಿ ಹಬ್ಬಕ್ಕೆ ನಮ್ಮ ಮನೆಗೆ ಏನೇನು ಬಂತು ನೋಡಿದೆಯಲ್ಲ. ನಿನ್ನ ಚಿಕ್ಕಪ್ಪ ಜಿಂಕೆ ಕೊಂಬಿನ ಕಷಾಯ ಕಳಿಸಿದ. ಅಕ್ಕಿ ಗಿರಣಿಯ ಯಾಂಗ್ ಸತುವಿನ ಮಾತ್ರೆ ಕೊಟ್ಟ. ಕೆಂಪು ಜಿನ್‌ಸೆಂಗ್ ಬೇರಂತೂ ನಮ್ಮ ಅಂಗಡಿಯದ್ದೇ. ಇವೆಲ್ಲದರ ಮೇಲೆ ಕಿಥೇ ಮಂಡಿಯೂರಿ, ಎರಡೂ ಕೈಯಲ್ಲಿ ಹಿಡಿದು, ಹೊರದೇಶದಿಂದ ತರಿಸಿದ ಕಪ್ಪು ಡಬ್ಬಿ ಕೊಟ್ಟರು. "ಮಾವ, ಗಂಡಸರ ಹಾರ್ಮೋನಿಗೆ ಒಳ್ಳೇದಂತೆ. ನಾನೂ ಇದನ್ನೇ ತಗೋತಿದ್ದೀನಿ" ಅಂದರು. ಕೊಟ್ಟದ್ದನ್ನು ತಿನ್ನದೆ ಇಟ್ಟರೆ ಕೊಟ್ಟವರಿಗೆ ಅವಮಾನ ಅನ್ನುವ ಊರು ನಮ್ಮದು. ಅಪ್ಪ ದಿನಾ ಬೆಳಿಗ್ಗೆ ಹಾಜರಿ ಕರೆದಂತೆ ಒಂದನ್ನೂ ಬಿಡದೆ ನುಂಗಿದರು, ಬಿ.ಪಿ. ಮಾತ್ರೆಯ ಜೊತೆಗೇ.

ತಿಂಗಳಾಗುವಷ್ಟರಲ್ಲಿ ಊಟ ಸೇರದಾಯಿತು, ಮೈಯೆಲ್ಲ ನವೆ, ಅಂಗಡಿಯಲ್ಲಿ ಕೂತಲ್ಲೇ ತೂಕಡಿಕೆ. ಕೇಳಿದರೆ ವಯಸ್ಸಾಯಿತು ಬಿಡೇ ಅನ್ನುತ್ತಿದ್ದರು. ಒಂದು ದಿನ ಕಣ್ಣಿನ ಬಿಳಿ ಹಳದಿಯಾಗಿದ್ದು ಕಂಡು ನನ್ನ ಜೀವ ಹಾರಿಹೋಯಿತು. ಆ ಡಬ್ಬಿ, ಪೊಟ್ಟಣ ಎಲ್ಲ ಬಟ್ಟೆಯಲ್ಲಿ ಗಂಟು ಕಟ್ಟಿ, ಅವರನ್ನು ದೇಜನ್ ನಗರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ನಮ್ಮೂರಿನಲ್ಲಿ ಬೇಡವೇ ಬೇಡ ಅಂದರು. ಜಿನ್‌ಸೆಂಗ್ ಮಾರುವವನೇ ಡಾಕ್ಟರ ಮೆಟ್ಟಿಲು ಹತ್ತಿದರೆ ಸಂಜೆಗೆ ಪೇಟೆಯಿಡೀ ನಗುತ್ತದಂತೆ.

ಡಾಕ್ಟರು ನಿನ್ನ ವಯಸ್ಸಿನ ಹೆಣ್ಣುಮಗಳು. ಅಪ್ಪನ ಕಿವಿ ಕೆಂಪಾಗಿಬಿಟ್ಟಿತು. ಗಂಟು ಬಿಚ್ಚಿ ನೋಡಿದ ಆಕೆ, "ಯಜಮಾನ್ರೇ, ಇಷ್ಟನ್ನೂ ಒಟ್ಟಿಗೇ ತಗೊಂಡ್ರಾ?" ಅಂದಳು. ಕೊಟ್ಟೋರಿಗೆ ಬೇಜಾರಾಗಬಾರದಲ್ಲ ಅಂದರು ಇವರು. "ಕೊಟ್ಟೋರ ಬೇಜಾರು ನಿಮ್ಮ ಲಿವರ್‌ಗೆ ಗೊತ್ತಾಗುತ್ತಾ?" ಅಂದಳು. ನನಗೆ ಆ ಹೆದರಿಕೆಯಲ್ಲೂ ನಗು ಬಂತು.

ಎರಡು ದಿನ ಬೆಳಿಗ್ಗೆ ರಕ್ತ ತೆಗೆದು ನೋಡಿದರು. ಹಾರ್ಮೋನು ಅವರ ವಯಸ್ಸಿಗೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಲಿವರ್. ಯಾವುದರಿಂದ ಅಂತ ಖಚಿತವಾಗಿ ಹೇಳಲಾಗದು, ಆದರೆ ಕಪ್ಪು ಡಬ್ಬಿಯ ಮೇಲೇ ಅವಳ ಅನುಮಾನ. ಅಂಥವುಗಳಲ್ಲಿ ಮೇಲೆ ಬರೆಯದ ಔಷಧಿಯನ್ನೂ ಬೆರೆಸಿರುವುದುಂಟಂತೆ. ಸತು ಕೂಡ ಮೈಯಲ್ಲಿ ಕಡಿಮೆಯಿದ್ದವರಿಗೆ ಮಾತ್ರ, ಹೆಚ್ಚು ತಿಂದರೆ ಹೆಚ್ಚು ಶಕ್ತಿ ಬರುವುದಿಲ್ಲ. ಬಿ.ಪಿ. ಮಾತ್ರೆ ತಿನ್ನುವವರು ನಮ್ಮ ಜಿನ್‌ಸೆಂಗನ್ನೂ ಕೇಳಿಯೇ ತಿನ್ನಬೇಕು. ಹೊಟ್ಟೆ ಇಳಿಸಿ, ಸೋಜು ಕುಡಿಯುವುದು ಕಡಿಮೆ ಮಾಡಿ, ಚೆನ್ನಾಗಿ ನಿದ್ದೆ ಮಾಡಿ, ಮೀನು, ಮೊಟ್ಟೆ, ಕಾಳು ತಿಂದು ನಡೆದಾಡಿ ಅಂದಳು. "ಇದನ್ನ ಹೇಳೋಕೆ ಅಷ್ಟು ವರ್ಷ ಓದಬೇಕಿತ್ತಾ?" ಅಂತ ಅಪ್ಪ ಹೊರಗೆ ಬಂದು ಗೊಣಗಿದ್ದೇ ಗೊಣಗಿದ್ದು.

ಆದರೆ ಹೊರಡುವ ಮುಂಚೆ ಅವರು ಇನ್ನೊಂದು ಮಾತು ಕೇಳಿದ್ದರು. ಮಗು ಬೇಕು ಅಂತಿರೋ ಹುಡುಗರು ಇದನ್ನ ತಗೊಂಡ್ರೆ? ಡಾಕ್ಟರ ಮುಖ ಗಂಭೀರವಾಯಿತು. ಇದರಲ್ಲಿ ಗಂಡಸಿನ ಹಾರ್ಮೋನನ್ನೇ ಬೆರೆಸಿದ್ದರೆ, ಅದು ಹೊರಗಿನಿಂದ ಸೇರಿದಾಗ ಮೈ ತಾನೇ ತಯಾರಿಸುವುದನ್ನು ನಿಲ್ಲಿಸುತ್ತದೆ, ವೀರ್ಯಾಣುಗಳೇ ಕಡಿಮೆಯಾಗುತ್ತವೆ ಅಂದಳು. ಮಗು ಬೇಕಾದವರು ಮುಟ್ಟಲೇಬಾರದು, ಡಬ್ಬಿ ಸಮೇತ ಬಂದು ತೋರಿಸಲಿ ಅಂದಳು.

ಬಸ್ಸಿನಲ್ಲಿ ಅಪ್ಪ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಕಿಥೇಗೆ ಫೋನ್ ಮಾಡಿ ಹೇಳಿಬಿಡಿ ಅಂದೆ. "ಎರಡೂ ಕೈಯಲ್ಲಿ ಹಿಡಿದು ಕೊಟ್ಟಿದ್ದು ಕಣೇ. ಅದರಿಂದ ನನ್ನ ಲಿವರ್ ಕೆಟ್ಟಿತು ಅಂದ್ರೆ ಆ ಹುಡುಗ ಈ ಮನೇಲಿ ತಲೆ ಎತ್ತಿ ಊಟ ಮಾಡ್ತಾನಾ? ಮೊದಲೇ ನಿಮ್ಮಕ್ಕ ಹಬ್ಬದ ದಿನ ಎಲ್ಲರೆದುರು ತೊಟ್ಟಿಲು ಯಾವಾಗ ಅಂತ ಚುಚ್ಚಿದ್ದಾಳೆ" ಅಂದರು. ಮನೆಗೆ ಬಂದವರೇ ಫೋನ್ ಎತ್ತಿ, "ಅಳಿಯಂದ್ರೇ, ನಿಮ್ಮ ಮಾತ್ರೆ ಏನ್ರೀ ಅದು, ಹುಲಿ ಆಗಿಬಿಟ್ಟಿದ್ದೀನಿ! ಮನೇಲಿ ಇರೋದನ್ನೆಲ್ಲ ಕಳಿಸಿಬಿಡಿ, ನಿಮಗ್ಯಾಕೆ ಈ ವಯಸ್ಸಲ್ಲಿ" ಅಂದರು. ಅಲ್ಲಿ ಒಂದೂ ಉಳಿಯಬಾರದು ಅನ್ನುವುದು ಅವರ ಲೆಕ್ಕ. ಬಂದ ಡಬ್ಬಿಗಳೆಲ್ಲ ನನ್ನ ಬೀರುವಿನಲ್ಲಿವೆ, ನಾಳೆ ಔಷಧಿ ಅಂಗಡಿಗೆ ಕೊಟ್ಟು ನಾಶ ಮಾಡಿಸುತ್ತೇನೆ.

ಮದುವೆಮನೆಯಲ್ಲಿ ಎರಡನೇ ಸಲ ಅನ್ನ ಕೇಳಲು ನಾಚುವ ಮನುಷ್ಯ ನಿನ್ನ ಅಪ್ಪ, ಮಿರಾನ್. ಅಳಿಯನ ಮಾನಕ್ಕಾಗಿ ತಮ್ಮ ಮಾನ ಕಳೆದುಕೊಂಡರು. ಮೊನ್ನೆ ಲಿವರ್ ಸುಧಾರಿಸಿದೆ ಅಂತ ಗೊತ್ತಾದ ಮೇಲೆ ಊರಿನ ಸಾರ್ವಜನಿಕ ಸ್ನಾನಗೃಹದ ಬಿಸಿನೀರಿನ ತೊಟ್ಟಿಯಲ್ಲಿ ಕೂತಿದ್ದ ಗಂಡಸರಿಗೆಲ್ಲ ತಮ್ಮ ಕಥೆ ಹೇಳಿದರಂತೆ, ಕಪ್ಪು ಡಬ್ಬಿಯ ಹೆಸರೆತ್ತದೆ. ಜಿನ್‌ಸೆಂಗ್ ಮಾರೋನೇ ಹಿಂಗಂದ್ರೆ ಅಂಗಡಿಗೆ ಬೀಗ ಹಾಕು ಅಂತ ಯಾಂಗ್ ಛೇಡಿಸಿದ. "ಹಾಕ್ತೀನಿ. ಬಿ.ಪಿ. ಮಾತ್ರೆ ತಿನ್ನೋನು ಮೊದಲು ಡಾಕ್ಟ್ರನ್ನ ಕೇಳ್ಕೊಂಡು ಬರಲಿ, ಆಮೇಲೆ ಮಾರ್ತೀನಿ" ಅಂದರಂತೆ. ಯಾಂಗನ ಹೆಂಡತಿ ನಗುತ್ತಾ ಬಂದು ಹೇಳಿದಳು. ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಅವಳಿಗೆ ಅರ್ಧ ಬುಟ್ಟಿ ಎಲೆಕೋಸು ಕೊಟ್ಟು ಕಳಿಸಿದೆ.

ನಿನ್ನಿಂದ ಒಂದೇ ಕೆಲಸ ಆಗಬೇಕು. ಕಿಥೇಯನ್ನು ಉಪಾಯವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ಅವರೊಬ್ಬರನ್ನೇ ಕಳಿಸಬೇಡ, ನೀನೂ ತೋರಿಸಿಕೋ. ಅಪ್ಪನ ಲಿವರಿನ ಮಾತು ಮಾತ್ರ ಎತ್ತಬೇಡ.

ಇಂಥ ಗಂಡನ ಹೆಂಡತಿ, ನಿನ್ನ ಅಮ್ಮ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಕಿಥೇ ಫೋನ್ ಬಂತು, ಅಪ್ಪ ಅಂಗಡಿಯಲ್ಲಿರುವ ಹೊತ್ತು ನೋಡಿಕೊಂಡು. "ಅತ್ತೆ, ಮಾವನಿಗೆ ಏನಾಗಿದೆ ನಿಜ ಹೇಳಿ. ಒಂದು ಲೋಟ ನೀರೂ ಕೇಳದೋರು ಮಾತ್ರೆ ಕೇಳಿದಾಗಲೇ ನನಗೆ ಅನುಮಾನ ಬಂತು" ಅಂದರು. ಆ ಅನುಮಾನದಲ್ಲೇ ಒಂದು ಡಬ್ಬಿ ಉಳಿಸಿಕೊಂಡು, ನಿನಗೂ ಹೇಳದೆ ಡಾಕ್ಟರಿಗೆ ತೋರಿಸಿದ್ದಾರೆ. ಮಾತ್ರೆ ನಿಲ್ಲಿಸಿದ್ದಾರೆ, ಪರೀಕ್ಷೆಯೂ ಆಗಿದೆ, ಸರಿಹೋಗುತ್ತದೆ ಅಂತ ಡಾಕ್ಟರು ಅಂದಿದ್ದಾರಂತೆ. ನಾನು ಎಲ್ಲ ಹೇಳಿಬಿಟ್ಟೆ. ತುಂಬಾ ಹೊತ್ತು ಅತ್ತರು. ಆಮೇಲೆ, "ನನಗೆ ಗೊತ್ತಾಗಿದೆ ಅಂತ ಮಾವನಿಗೆ ಹೇಳಬೇಡಿ ಅತ್ತೆ. ಪಾಪ, ಅಷ್ಟು ಕಷ್ಟಪಟ್ಟು ಆಸೆಬುರುಕ ಆಗಿದ್ದಾರೆ" ಅಂದರು. ಹಾಗಾಗಿ ಮುಂದಿನ ವಾರ ಕಿಮ್ಚಿ ಹಾಕಲು ಬಂದಾಗ, ನೀನು ಎಲ್ಲರ ಮುಂದೆ ಅಪ್ಪನನ್ನು ಚೆನ್ನಾಗಿ ಬೈಯಬೇಕು. ಬೈಯದಿದ್ದರೆ ಅವರಿಗೆ ಅನುಮಾನ ಬರುತ್ತದೆ.