ಐದು ಗುಂಡು, ಆರನೇ ಪ್ರಶ್ನೆ

ಹಾರ್ಲನ್ ಬೆಂಡ್, ಅರ್ಕಾನ್ಸಾ
ಭಾನುವಾರ, 10 ನವೆಂಬರ್ 2019

ಪ್ರೀತಿಯ ತಮ್ಮ ರೋಯ್ಸ್‌ಗೆ,

ಹೇಗಿದ್ದೀಯ? ಹಲ್ಲುನೋವು ಇಳಿಯಿತೇ? ಜೈಲಿನ ಡಾಕ್ಟರು ಕೊನೆಗೂ ಅದನ್ನು ಕಿತ್ತರೋ, ಇಲ್ಲ ಇನ್ನೂ ಮಾತ್ರೆ ಕೊಟ್ಟು ಸಾಗಹಾಕುತ್ತಿದ್ದಾರೋ? ಕೇಳುವುದು ಅಕ್ಕನ ಕೆಲಸ, ಕೇಳಿದ್ದೇನೆ. ನಾವಿಬ್ಬರೂ ಆರೋಗ್ಯ. ಟೆಸ್ಸಿಗೆ ಮುಂದಿನ ಎರಡು ಹಲ್ಲು ಬಿದ್ದಿವೆ. ನಿನ್ನ ಹಲ್ಲಿನ ಸುದ್ದಿ ಹೇಳಿದಾಗ "ಮಾಮನ ಹಲ್ಲನ್ನೂ ದಿಂಬಿನ ಕೆಳಗೆ ಇಡ್ತಾರಾ, ಹಲ್ಲಿನ ಕಿನ್ನರಿ ಬಂದು ದುಡ್ಡಿಡ್ತಾಳಾ?" ಎಂದು ಕೇಳಿದಳು. ಏಳು ವರ್ಷದ ಮಗು, ಅವಳ ಲೆಕ್ಕದಲ್ಲಿ ನೀನಿನ್ನೂ ಒಳ್ಳೆಯವನು. ಹಾಗೆಯೇ, ಈ ಕಾಗದವನ್ನು ನಿನಗಿಂತ ಮುಂಚೆ ಒಡೆದು ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಮುಂದೆ ಪಿಸ್ತೂಲು, ಗುಂಡು ಅಂತೆಲ್ಲ ಬರುತ್ತದೆ, ಗಾಬರಿಯಾಗಬೇಡಿ ಸ್ವಾಮಿ. ಕೊನೆಯವರೆಗೂ ಓದಿ, ಯಾಕೆಂದು ನಿಮಗೇ ತಿಳಿಯುತ್ತದೆ.

ನಿನ್ನ ಪೆರೋಲಿನ ಫಾರಂ ನನ್ನ ಅಡುಗೆಮನೆಯ ಮೇಜಿನ ಮೇಲಿದೆ. ಮಂಗಳವಾರ ಅಧಿಕಾರಿ ಮನೆ ನೋಡಲು ಬರುತ್ತಾರೆ. ನೀನು ಜನವರಿಯಲ್ಲಿ ಹೊರಗೆ ಬರಬೇಕಾದರೆ ಇರಲು ಒಂದು ಮನೆ ತೋರಿಸಬೇಕು, ನಿನಗೆ ತೋರಿಸಲು ನನ್ನ ಮನೆ ಬಿಟ್ಟರೆ ಇನ್ನೊಂದಿಲ್ಲ. ಹೆಸರು, ವಿಳಾಸ, ಎಷ್ಟು ಕೋಣೆ, ಯಾರ ಜೊತೆ ಏನು ಸಂಬಂಧ, ಎಲ್ಲ ತುಂಬಿದ್ದೇನೆ. ಆರನೇ ಪ್ರಶ್ನೆ ಮಾತ್ರ ಖಾಲಿ ಬಿಟ್ಟಿದ್ದೇನೆ. ಮನೆಯಲ್ಲಿ ಬಂದೂಕು, ಗುಂಡು ಏನಾದರೂ ಇದೆಯೇ? ಇದೆ ಎಂದರೆ ನೀನು ಬರುವ ಹಾಗಿಲ್ಲ. ಶಿಕ್ಷೆಯಾದವನಿರುವ ಮನೆಯಲ್ಲಿ ಅವು ಇರಕೂಡದು, ಅದು ಕಾನೂನು. ಆಗಸ್ಟಿನಲ್ಲಿ ನಾನೇ ನಿನಗೆ ಬರೆದಿದ್ದೆ, ನೀನು ಬರುವ ಮುಂಚೆ ನನ್ನ ಪಿಸ್ತೂಲನ್ನು ಮಿಸ್ ಇಮೋಜೀನ್ ಹತ್ತಿರ ಕೊಟ್ಟುಬಿಡುತ್ತೇನೆ, ಮನೆಯಲ್ಲಿ ಗಂಡಸೊಬ್ಬ ಇದ್ದರೆ ಅದು ಯಾಕೆ ಬೇಕು ಅಂತ. ಆಗ ನನಗೆ ಬುದ್ಧಿ ಇರಲಿಲ್ಲ. ಈಗ ಸ್ವಲ್ಪ ಬಂದಿದೆ.

ಸೆಪ್ಟೆಂಬರಿನಿಂದ ನೀನು ನಾಲ್ಕು ಕಾಗದ ಬರೆದೆ. ಅದಕ್ಕೆ ಮೊದಲು ಎಂಟು ತಿಂಗಳು ಒಂದು ಸಾಲೂ ಇರಲಿಲ್ಲ, ಟೆಸ್ಸಿನ ಹುಟ್ಟುಹಬ್ಬಕ್ಕೂ ಇಲ್ಲ. ನಾಲ್ಕರಲ್ಲೂ ಒಂದೇ ವಿಚಾರಣೆ. "ಅಕ್ಕಾ, ಪಿಸ್ತೂಲು ಯಾವುದು ತಗೊಂಡೆ? ಮೂವತ್ತೆಂಟರ ಅಳತೆ ಗುಂಡಿಂದೋ, ಒಂಬತ್ತರದ್ದೋ? ಎಷ್ಟು ಗುಂಡು ಹಿಡಿಯತ್ತೆ? ಯಾವ ಗುಂಡು ತುಂಬ್ಸಿದ್ದೀಯ? ಮಲಗೋವಾಗ ಎಲ್ಲಿಡ್ತೀಯ?" ನನಗೆ ಕಣ್ಣಲ್ಲಿ ನೀರು ಬಂದಿತ್ತು ಕಣೋ. ಜೈಲಿನಲ್ಲಿ ಕೂತೂ ನನ್ನ ತಮ್ಮ ನನ್ನ ಚಿಂತೆ ಮಾಡುತ್ತಿದ್ದಾನೆ ಎಂದು ಕೋಳಿಮಾಂಸದ ಕಾರ್ಖಾನೆಯಲ್ಲಿ ಪಕ್ಕದಲ್ಲಿ ನಿಂತು ಕೆಲಸ ಮಾಡುವವರಿಗೆಲ್ಲ ಹೇಳಿಕೊಂಡು ಬಂದೆ. ಎಲ್ಲಕ್ಕೂ ಉತ್ತರ ಬರೆದೆ. ಅಂಗಡಿಯ ಹುಡುಗ ಗಾಜಿನ ಪೆಟ್ಟಿಗೆಯಿಂದ ಒಂದು ಪುಟ್ಟ ರಿವಾಲ್ವರ್ ತೆಗೆದು "ಹೆಂಗಸರೆಲ್ಲ ಇದನ್ನೇ ತಗೊಳ್ಳೋದು ಮೇಡಂ, ಹಗೂರ, ಪರ್ಸಲ್ಲಿ ಕೂರತ್ತೆ, ಗುಲಾಬಿ ಬಣ್ಣದ ಹಿಡೀನೂ ಇದೆ" ಎಂದದ್ದು, ನಾನು ಗುಲಾಬಿ ಬೇಡ ಅಂದದ್ದು, ಮೂವತ್ತೆಂಟರ ಐದು ಗುಂಡು, ಮಂಚದ ಬಲಗಡೆಯ ಡ್ರಾಯರ್, ಒಂದನ್ನೂ ಬಿಡಲಿಲ್ಲ.

ನೀನು ಕಾಗದದಲ್ಲೇ ಎಂದಿನಂತೆ ನಕ್ಕೆ. "ನಲವತ್ತೈದು ಒಂದೇ ಗುಂಡು ಅಕ್ಕಾ, ಮಿಕ್ಕಿದ್ದೆಲ್ಲ ಕಡಲೆಕಾಯಿ. ಒಂಬತ್ತು ಎಂ.ಎಂ. ಅಂದ್ರೆ ಯುರೋಪಿನೋರು ಇಲಿ ಹೊಡೆಯೋಕ್ಕೆ ಮಾಡ್ಕೊಂಡಿರೋದು." ಹದಿನಾರನೇ ವಯಸ್ಸಿನಿಂದ ಇದನ್ನೇ ಹೇಳುತ್ತಿದ್ದೀಯ. ಪ್ರತಿ ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲೂ ಕುಂಬಳಕಾಯಿ ಪೈ ಹೊರಗೆ ಬರುವ ಹೊತ್ತಿಗೆ ನೀನೂ ಚಿಕ್ಕಪ್ಪನೂ ದೊಡ್ಡ ಗುಂಡು, ಚಿಕ್ಕ ಗುಂಡು ಎಂದು ಮೇಜು ಕುಟ್ಟುತ್ತಿದ್ದಿರಿ. ಅಪ್ಪ ಇಪ್ಪತ್ತೆರಡು ವರ್ಷ ಪಿಸ್ತೂಲು ಮಾರಿದ ಮನುಷ್ಯ, ಆ ಜಗಳಕ್ಕೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಒಂದು ಪೇಪರ್ ತಟ್ಟೆ ತಂದು ನಿನ್ನ ಮುಂದಿಡುತ್ತಿದ್ದ. "ಇಪ್ಪತ್ತಡಿ ದೂರದಲ್ಲಿ ಇದಕ್ಕೆ ಮೊಳೆ ಹೊಡ್ದು ಬಾ. ಗುಂಡೆಲ್ಲ ಇದರೊಳಗೆ ಬೀಳ್ಲಿ, ಆಮೇಲೆ ನಿನ್ನ ಭಾಷಣ ಕೇಳ್ತೀನಿ." ನೀನು ಯಾವತ್ತೂ ಎದ್ದು ಹೋಗಲಿಲ್ಲ, ಅಪ್ಪನ ನಲವತ್ತೈದನ್ನು ಹೊಗಳುತ್ತಾ ಪೈ ತಿನ್ನುತ್ತಿದ್ದೆ. ಅಪ್ಪ ಹೋಗಿ ಮೂರು ತಿಂಗಳಿಗೆ ಆ ನಲವತ್ತೈದನ್ನೂ ಮಾರಿಕೊಂಡೆ. ಆಮೇಲೆ ಪಕ್ಕದ ಊರಿನವರ ಟ್ರಾಕ್ಟರ್ ಮಾರಿ ಒಳಗೆ ಹೋದೆ. ಮಾರುವುದೊಂದು ನಿನಗೆ ಚೆನ್ನಾಗಿ ಬರುತ್ತದೆ.

ನಿನಗೆ ಬರೆಯದೆ ಉಳಿದ ಸುದ್ದಿ ಈಗ ಹೇಳುತ್ತೇನೆ, ಗಮನವಿಟ್ಟು ಓದು. ಅಕ್ಟೋಬರಿನಲ್ಲಿ ಮಿಸ್ ಇಮೋಜೀನ್ ನಡೆಸುವ ಗುಂಡು ಹೊಡೆಯುವ ತರಗತಿಗೆ ಸೇರಿದೆ. ಹೌದು, ನಮ್ಮ ಸ್ಕೂಲ್ ಬಸ್ಸು ಓಡಿಸುತ್ತಿದ್ದ ಇಮೋಜೀನೇ, ನಿನ್ನನ್ನು ಮೂರು ಸಲ ಬಸ್ಸಿನಿಂದ ಇಳಿಸಿದವಳು. ಎಪ್ಪತ್ತೆರಡಾಗಿದೆ, ಮೊಣಕಾಲು ಎರಡೂ ಬದಲಾಯಿಸಿದ್ದಾರೆ, ಬಾಯಿ ಮಾತ್ರ ಹಳೆಯದೇ. ನಾನು ರಿವಾಲ್ವರ್ ಹೊರಗೆ ತೆಗೆದದ್ದೇ ತಡ, "ಅಯ್ಯೋ ನನ್ನ ಕಂದಾ, ಈ ಆಟದ ಸಾಮಾನು ನಿನಗೆ ಕಟ್ಟಿದ ಮುಂಡೇದು ಯಾರು?" ಎಂದಳು. ಮೊದಲ ಗುಂಡಿಗೇ ನನ್ನ ಬಲ ಮಣಿಕಟ್ಟಿನಿಂದ ಭುಜದವರೆಗೆ ಮಿಂಚು ಹರಿಯಿತು. ಪಿಸ್ತೂಲು ಹಗುರವಾದಷ್ಟೂ ಕೈಗೆ ಹೆಚ್ಚು ಒದೆಯುತ್ತದೆ, ಅದನ್ನು ಅಂಗಡಿಯವನು ಹೇಳಿರಲಿಲ್ಲ. ಆ ಮಣಿಕಟ್ಟು ನಿನಗೆ ನೆನಪಿದೆ ತಾನೆ? ಲೈಲ್ ಟ್ರಕ್ಕಿನ ಬಾಗಿಲಿಗೆ ಸಿಕ್ಕಿಸಿ ಮುರಿದದ್ದು. ಆಸ್ಪತ್ರೆಗೆ ಕರೆದುಕೊಂಡು ಹೋದವನು ನೀನು. ದಾರಿಯುದ್ದಕ್ಕೂ "ಅವನು ಕುಡಿದಿದ್ದ ಅಕ್ಕಾ, ಮನಸ್ಸು ಒಳ್ಳೇದು" ಎಂದವನೂ ನೀನೇ. ಗಂಡ ಅನ್ನಿಸಿಕೊಂಡವನ ಮನಸ್ಸು ಎಷ್ಟು ಒಳ್ಳೆಯದೆಂದು ಕೋರ್ಟು ಬರೆದುಕೊಟ್ಟಿದೆ, ನೂರು ಗಜದೊಳಗೆ ಬರಬಾರದೆಂದು. ಐದು ಗುಂಡಿನಲ್ಲಿ ಒಂದು ಇಪ್ಪತ್ತಡಿ ದೂರದ ಪೇಪರ್ ತಟ್ಟೆಯ ಅಂಚಿಗೆ ತಾಗಿತು. ಉಳಿದ ನಾಲ್ಕು ಎಲ್ಲಿಗೆ ಹೋದವೋ ಆ ದೇವರಿಗೇ ಗೊತ್ತು.

ಮಿಸ್ ಇಮೋಜೀನ್ ಅಲ್ಲಿಗೆ ಬಿಡಲಿಲ್ಲ. ಅವಳ ಹುಲ್ಲುಗಾವಲಿನಲ್ಲಿ ಹಾಲಿನ ಖಾಲಿ ಪ್ಲಾಸ್ಟಿಕ್ ಡಬ್ಬಗಳಿಗೆ ನೀರು ತುಂಬಿಸಿ ಐದೈದನ್ನು ಸಾಲಾಗಿ ನಿಲ್ಲಿಸಿದಳು, ಹಿಂದೆ ಹುಲ್ಲಿನ ಉರುಳೆ. ಮೊದಲ ಡಬ್ಬಕ್ಕೆ ನಾಲ್ಕು ಪದರ ಜೀನ್ಸ್ ಬಟ್ಟೆ ಸುತ್ತಬೇಕು, ಯಾಕೆಂದರೆ ಬಾಗಿಲು ಒದ್ದು ಬರುವವನು ಬಟ್ಟೆ ಹಾಕಿಕೊಂಡೇ ಬರುತ್ತಾನೆ. ನಾನು ಲೈಲ್ ಬಿಟ್ಟುಹೋದ ಪ್ಯಾಂಟನ್ನೇ ಕತ್ತರಿಸಿ ಕೊಟ್ಟೆ, ಆ ದಿನ ನನಗೆ ಸಿಕ್ಕ ಸಂತೋಷ ಅದೊಂದೇ. ತುದಿ ಟೊಳ್ಳಾಗಿರುವ ಗುಂಡು ನೀರು ಹೊಕ್ಕ ಕೂಡಲೇ ಅರಳಿ ಅಗಲವಾಗಿ ನಿಂತುಬಿಡಬೇಕು, ಅದಕ್ಕೇ ಅದನ್ನು ಮನೆಗೆ ಇಟ್ಟುಕೊಳ್ಳುವುದು. ನನ್ನ ಮೂವತ್ತೆಂಟರ ನಳಿಗೆ ಹೆಬ್ಬೆರಳುದ್ದ, ಗುಂಡಿಗೆ ವೇಗವೇ ಇಲ್ಲ. ಟೊಳ್ಳಿನೊಳಗೆ ಬಟ್ಟೆ ತುಂಬಿಕೊಂಡು, ಅರಳದೆ, ಐದೂ ಡಬ್ಬ ತೂರಿ ಹುಲ್ಲಿನ ಉರುಳೆಯಲ್ಲಿ ಹೂತುಹೋಯಿತು. ಮಿಸ್ ಇಮೋಜೀನ್ ಒಂದೇ ಮಾತು ಕೇಳಿದಳು: "ನಿನ್ನ ಮಂಚದ ಎದುರುಗಡೆ ಗೋಡೆ ಆಚೆ ಏನಿದೆ?" ನಮ್ಮದು ರಟ್ಟಿನಂಥ ಗೋಡೆಯ ಟ್ರೇಲರ್ ಮನೆ ರೋಯ್ಸ್. ಆಚೆ ಟೆಸ್ಸಿನ ಮಂಚ ಇದೆ.

ನಿನ್ನ ನಲವತ್ತೈದಕ್ಕೂ ಅನ್ಯಾಯ ಮಾಡಲಿಲ್ಲ, ಅವಳ ಗಂಡನದನ್ನು ತರಿಸಿ ಹೊಡೆದೆವು. ಮೂರನೇ ಡಬ್ಬದಲ್ಲಿ ಚೆನ್ನಾಗಿ ಅರಳಿ ನಿಂತಿತು, ಗುಂಡಿನ ಮೇಲೆ ನನಗೆ ದೂರಿಲ್ಲ. ಆದರೆ ಏಳರಲ್ಲಿ ಎರಡು ತಟ್ಟೆಗೆ ಬಿದ್ದವು, ಆಮೇಲೆ ಪಿಸ್ತೂಲು ಎತ್ತಲು ಎಡಗೈಯ ಆಸರೆ ಬೇಕಾಯಿತು. ಕೊನೆಗೆ ನಿನ್ನ ಇಲಿ ಹೊಡೆಯುವ ಒಂಬತ್ತು, ಅವಳದೇ. ನಾಲ್ಕನೇ ಡಬ್ಬದಲ್ಲಿ ಅರಳಿ ನಿಂತಿತು. ಹದಿನೈದರಲ್ಲಿ ಹದಿಮೂರು ತಟ್ಟೆಯೊಳಗೆ. ಮಿಸ್ ಇಮೋಜೀನ್ ತಟ್ಟೆ ಕಿತ್ತು ತಂದು ನನ್ನ ಕೈಗೆ ಕೊಟ್ಟು "ಎರಡು ತಪ್ಪಿತಲ್ಲ, ಅದಕ್ಕೆ ಮುಂದಿನ ಶನಿವಾರ ಬಾ" ಎಂದಳು. ಅದೇ ವಾರ ಆ ಪುಟ್ಟ ರಿವಾಲ್ವರನ್ನು ಅಂಗಡಿಯ ಹುಡುಗನ ಮುಂದೆ ಕುಕ್ಕಿ, ಬದಲಿಗೆ ಒಂಬತ್ತನ್ನು ತಂದೆ. ಇದನ್ನು ಇಲ್ಲಿಯವರೆಗೆ ನಿನಗೂ ಬರೆದಿರಲಿಲ್ಲ. ಥ್ಯಾಂಕ್ಸ್‌ಗಿವಿಂಗ್ ಕಾಗದದಲ್ಲಿ ಬರೆದು ನಿನ್ನ ಹೊಟ್ಟೆ ಉರಿಸೋಣ ಎಂದುಕೊಂಡಿದ್ದೆ.

ಹೋದ ಶನಿವಾರದ ಹಿಂದಿನ ಶನಿವಾರ, ಮಧ್ಯಾಹ್ನ ಹನ್ನೆರಡೂವರೆ. ಪೆಟ್ರೋಲ್ ಬಂಕಿನಲ್ಲಿ ಕಾರಿಗೆ ತುಂಬಿಸುತ್ತಾ ನಿಂತಿದ್ದೆ. ಟೆಸ್ ಹಿಂದಿನ ಸೀಟಿನಲ್ಲಿ ಕೂತು ಚಿಪ್ಸ್ ತಿನ್ನುತ್ತಿದ್ದಳು. ಪಂಪಿನ ಆಚೆ ಬದಿಗೆ ಒಂದು ಟ್ರಕ್ ಬಂದು ನಿಂತಿತು, ಲೈಲ್ ಕಿಟಕಿ ಇಳಿಸಿದ. ಕೋರ್ಟಿನ ನೂರು ಗಜ ಅವನಿಗೆ ಆರು ಅಡಿ. ಕೂಗಲಿಲ್ಲ, ಬೈಯಲಿಲ್ಲ. ನಗುತ್ತಾ, ಹವಾಮಾನದ ಮಾತಾಡುವವನ ಹಾಗೆ ಹೇಳಿದ: "ಐದೇ ಐದಂತಲ್ಲ ಡಾರ್ಲಾ. ಅದೂ ಮೂವತ್ತೆಂಟು. ಬಲಗಡೆ ಡ್ರಾಯರ್. ಜನವರಿಗೆ ಅದೂ ಇರಲ್ಲವಂತೆ. ನಾನು ತಾಳ್ಮೆ ಇರೋನು ಕಣೇ, ಕಾಯ್ತೀನಿ." ಟೆಸ್ಸಿಗೆ ಕೈಬೀಸಿ ಹೊರಟುಹೋದ. ಪೆಟ್ರೋಲು ನನ್ನ ಬೂಟಿನ ಮೇಲೆ ಸುರಿಯುತ್ತಿತ್ತು, ನನಗೆ ಗೊತ್ತೇ ಆಗಲಿಲ್ಲ. ಮಗುವೇ ಕಿಟಕಿ ಬಡಿದು ಹೇಳಿತು.

ಶೆರಿಫ್ ಕಚೇರಿಗೆ ಹೋಗಿ ದೂರು ಕೊಟ್ಟೆ. "ಸಾಕ್ಷಿ ಯಾರಮ್ಮಾ?" ಎಂದು ಕೇಳಿದರು. ಏಳು ವರ್ಷದ ಮಗಳು ಎಂದೆ. ಬರೆದುಕೊಂಡರು. ಮನೆಗೆ ಬಂದು ಇದೇ ಮೇಜಿನ ಮುಂದೆ ಕೂತು ಯೋಚಿಸಿದೆ. ಮಿಸ್ ಇಮೋಜೀನ್‌ಗೆ ಗೊತ್ತಿರುವುದು ಒಂಬತ್ತು, ಹದಿನೈದು. ಅಂಗಡಿಯ ಹುಡುಗನಿಗೂ ಅಷ್ಟೇ. ಮೂವತ್ತೆಂಟು, ಐದು, ಬಲಗಡೆಯ ಡ್ರಾಯರ್, ಜನವರಿ, ಈ ನಾಲ್ಕೂ ಒಟ್ಟಿಗೆ ಗೊತ್ತಿದ್ದದ್ದು ಈ ಭೂಮಿಯ ಮೇಲೆ ನಿನಗೊಬ್ಬನಿಗೆ. ನಿನ್ನ ನಾಲ್ಕು ಕಾಗದವನ್ನೂ ಮತ್ತೆ ತೆಗೆದು ಓದಿದೆ. ಹೊಸ ಬೂಟು ಬಂದಿದೆ ಅಂತ ನೀನು ಬರೆದಿದ್ದೆ, ಕಾಫಿಪುಡಿ ಬಂದಿದೆ, ನೂಡಲ್ಸ್ ಪೊಟ್ಟಣ ಇಡೀ ಪೆಟ್ಟಿಗೆ ಇದೆ, ಒಬ್ಬ ಹಳೇ ಗೆಳೆಯ ಮರೆತಿಲ್ಲ ಅಂತ. ನಾನು ಕಳಿಸಿದ್ದಲ್ಲ ಅವು. ಛೀ, ನಿನ್ನ ಜನ್ಮಕ್ಕಿಷ್ಟು! ನೂಡಲ್ಸಿಗೆ ಮಾರಿದೆಯಲ್ಲೋ ನನ್ನನ್ನು. ಅಮ್ಮ ಹೋದಾಗ ನಿನಗೆ ಆರು, ನನಗೆ ಹದಿಮೂರು. ನಿನಗೆ ಜ್ವರ ಬಂದರೆ ಶಾಲೆ ಬಿಟ್ಟು ಕೂರುತ್ತಿದ್ದೆ, ನಿನಗೆ ಬೇಕಾದಷ್ಟು ಗಟ್ಟಿ ಗ್ರೇವಿ ಮಾಡಲು ಎಷ್ಟು ಸಲ ಕೈ ಸುಟ್ಟುಕೊಂಡೆ. ಬರೀ ಬಾಯಿಹರುಕುತನ, ಕೆಟ್ಟ ಉದ್ದೇಶ ಇರಲಿಲ್ಲ ಎಂದು ಬರೆಯಬೇಡ. ಲೈಲ್ ಕೇಳಿದ, ನೀನು ನನ್ನನ್ನು ಕೇಳಿದೆ, ನಾನು ಹೇಳಿದೆ, ನೀನು ಅವನಿಗೆ ಹೇಳಿದೆ.

ಆದ್ದರಿಂದ ಇಷ್ಟು ವಿವರವಾಗಿ ಬರೆದಿದ್ದೇನೆ. ಇದನ್ನೂ ಅವನಿಗೆ ಹೇಳು. ಮೂವತ್ತೆಂಟು ಹೋಯಿತು, ಒಂಬತ್ತು ಬಂತು, ಐದಲ್ಲ ಹದಿನೈದು, ಹದಿನೈದರಲ್ಲಿ ಹದಿಮೂರು. ನಿನ್ನೆ ಹದಿನಾಲ್ಕು. ಮಂಚವನ್ನು ತಿರುಗಿಸಿದ್ದೇನೆ, ಈಗ ಎದುರಿನ ಬಾಗಿಲಿನ ಹಿಂದೆ ಹೊರಗೋಡೆಯೊಂದೇ, ಟೆಸ್ಸಿನ ಮಂಚವಲ್ಲ. ಡ್ರಾಯರಿನಲ್ಲಿ ಟೆಸ್ಸಿನ ಬಿದ್ದ ಹಲ್ಲುಗಳಿವೆ. ಪಿಸ್ತೂಲು ಎಲ್ಲಿದೆ ಎಂದು ಈ ಸಲ ಬರೆಯುವುದಿಲ್ಲ. ಹೊಡೆಯುವ ಆಸೆ ನನಗಿಲ್ಲ ರೋಯ್ಸ್, ಪ್ರತಿ ಭಾನುವಾರ ಚರ್ಚಿನಲ್ಲಿ ಅದೊಂದನ್ನೇ ಬೇಡಿಕೊಳ್ಳುತ್ತೇನೆ, ಹೊಡೆಯುವ ದಿನ ಬಾರದಿರಲಿ ಎಂದು. ಅವನು ಬರದಿದ್ದರೆ ಆ ಪೇಪರ್ ತಟ್ಟೆಗಳೇ ನನಗೆ ಸಾಕು.

ಜಿಂಕೆ ಬೇಟೆ ನಿನ್ನೆ ಶುರುವಾಯಿತು, ಚಿಕ್ಕಪ್ಪನಿಗೆ ಬೆಳಿಗ್ಗೆಯೇ ಒಂದು ಸಿಕ್ಕಿತಂತೆ, ನಿನ್ನನ್ನು ಕೇಳಿದ. ಟೆಸ್ ನಿನಗೊಂದು ಜಿಂಕೆಯ ಚಿತ್ರ ಬಿಡಿಸಿದ್ದಾಳೆ, ಮಗುವಿನ ತಪ್ಪೇನಿದೆ, ಇದರ ಜೊತೆ ಇಟ್ಟಿದ್ದೇನೆ. ಹಲ್ಲು ಕೀಳಿಸಿಕೋ, ಕಾಯಬೇಡ. ಬಿಸಿ ನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ದೇವರು ನಿನಗೆ ಬುದ್ಧಿ ಕೊಡಲಿ, ಕೊಡುವವರೆಗೆ ಆರೋಗ್ಯವನ್ನಾದರೂ ಕೊಡಲಿ.

ಇಂತಿ,
ನಿನ್ನನ್ನು ಎತ್ತಿ ಆಡಿಸಿದ ಅಕ್ಕ,
ಡಾರ್ಲಾ

ಮತ್ತೆ ಬರೆದದ್ದು: ಮಂಗಳವಾರ, ಬೆಳಿಗ್ಗೆ ಹನ್ನೊಂದು. ನಿನ್ನೆ ಅಂಚೆಗೆ ರಜೆ, ಕಾಗದ ಮೇಜಿನ ಮೇಲೆಯೇ ಉಳಿದಿತ್ತು. ಅಧಿಕಾರಿ ಬಂದಿದ್ದರು, ಈಗ ತಾನೇ ಹೋದರು. ಒಳ್ಳೆಯ ಹೆಂಗಸು, ನಿನಗೆಂದು ಹಾಸಿದ್ದ ಮಂಚ ನೋಡಿದರು, ಅಮ್ಮನ ಕೌದಿ ಮುಟ್ಟಿ ನೋಡಿ ಚೆನ್ನಾಗಿದೆ ಎಂದರು. ಆಮೇಲೆ ಫಾರಂ ನೋಡಿ "ಆರನೇದು ಖಾಲಿ ಬಿಟ್ಟಿದ್ದೀರಲ್ಲಮ್ಮಾ, ಮರ್ತ್ರಾ?" ಎಂದು ಕೇಳಿ, ಅವರೇ ಪೆನ್ನು ಕೊಟ್ಟರು. ಇದೆ ಎಂದು ಗುರುತು ಹಾಕಿದೆ. "ಹಾಗಾದ್ರೆ ನಿಮ್ಮ ತಮ್ಮ ಇಲ್ಲಿಗೆ ಬರೋಕ್ಕಾಗಲ್ಲ, ಗೊತ್ತು ತಾನೆ?" ಎಂದರು. ಗೊತ್ತು ಎಂದೆ. ವಿವರ ಬರೆಯಿರಿ ಎಂದು ಪಕ್ಕದಲ್ಲಿ ಒಂದು ಗೆರೆಯಷ್ಟು ಜಾಗ ಬಿಟ್ಟಿದ್ದರು. ಒಂಬತ್ತು ಎಂ.ಎಂ., ಹದಿನೈದು ಗುಂಡು ಎಂದು ಬರೆದು ಸಹಿ ಹಾಕಿದೆ. ಅಂಚೆಯವನು ಬಂದ, ನಿಲ್ಲಿಸುತ್ತೇನೆ.